ಸಭಾಂಗಣಕ್ಕೆ ಗಡಿಯಾರ ಹಿಡಿದವರು

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಕಟ್ಟಡ ತೆರೆಯಿತು. ವಿನ್ಯಾಸ ಮಾಡಿದವರು ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ರಿಚರ್ಡ್ ಮಾರಿಸ್ ಹಂಟ್. ಆದರೆ ಕಟ್ಟಡದೊಳಗಿನ ಉಪನ್ಯಾಸ ಮಂದಿರದಲ್ಲಿ ಉಪನ್ಯಾಸ ಕೇಳುವುದೇ ಕಷ್ಟವಾಯಿತು. ಆಡಿದ ಮಾತು ಗೋಡೆಯಿಂದ ಗೋಡೆಗೆ ಬಡಿಯುತ್ತಾ ಐದೂವರೆ ಸೆಕೆಂಡಿನಷ್ಟು ಹೊತ್ತು ಉಳಿಯುತ್ತಿತ್ತು. ನಿಧಾನವಾಗಿ ಮಾತಾಡುವವರೂ ಅಷ್ಟರಲ್ಲಿ ಇನ್ನೂ ಹತ್ತು ಹದಿನೈದು ಅಕ್ಷರ ನುಡಿದಿರುತ್ತಾರೆ. ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತಿದ್ದವು.

ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಈ ಮಂದಿರವನ್ನು ಸರಿಪಡಿಸಿಕೊಡಿ ಎಂದು ಭೌತಶಾಸ್ತ್ರ ವಿಭಾಗವನ್ನು ಕೇಳಿದರು. ಕೆಲಸ ವ್ಯಾಲೇಸ್ ಕ್ಲೆಮೆಂಟ್ ಸೇಬೈನ್ ಎಂಬ 27 ವರ್ಷದ ಅಧ್ಯಾಪಕರ ಪಾಲಿಗೆ ಬಂತು. ಅವರ ಬಳಿ ಡಾಕ್ಟರೇಟ್ ಇರಲಿಲ್ಲ. ಶಬ್ದವಿಜ್ಞಾನದಲ್ಲಿ ಅದುವರೆಗೆ ಹೇಳಿಕೊಳ್ಳುವಂಥ ಕೆಲಸವನ್ನೂ ಮಾಡಿರಲಿಲ್ಲ.

ಇದು ಎಲ್ಲೋ ದೂರದ ಊರಿನ ಕಥೆ ಎಂದುಕೊಳ್ಳಬೇಡಿ. ನಾವು ರಾಜ್ಯೋತ್ಸವಕ್ಕೋ ನಾಟಕಕ್ಕೋ ಬಾಡಿಗೆ ಹಿಡಿಯುವ ಸಮುದಾಯ ಭವನಗಳಲ್ಲಿ ಇವತ್ತಿಗೂ ಆಗುವುದು ಇದೇ. ಹಿಂದಿನ ಸಾಲಿನವರು ಕೇಳಿಸುತ್ತಿಲ್ಲ ಎನ್ನುತ್ತಾರೆ, ಸೌಂಡ್‌ನವರು ವಾಲ್ಯೂಮ್ ಏರಿಸುತ್ತಾರೆ, ಆಮೇಲೆ ಮುಂದಿನ ಸಾಲಿನವರಿಗೂ ಅರ್ಥವಾಗುವುದಿಲ್ಲ. ಕೋಣೆ ಶಬ್ದಕ್ಕೆ ಏನು ಮಾಡುತ್ತದೆ, ಸ್ಪೀಕರ್ ಏನು ಮಾಡುತ್ತದೆ, ಕಿವಿ ಏನು ಕೇಳಿಸಿಕೊಳ್ಳುತ್ತದೆ ಎಂಬ ಮೂರನ್ನು ಬಿಡಿಸಿ ಅಳೆಯಲು ಮನುಷ್ಯರು ಪಟ್ಟ ಪಾಡೇ ಈ ಪ್ರಬಂಧದ ವಿಷಯ.

ರಾತ್ರಿ ಹೊತ್ತಿನ ಮೆತ್ತೆಗಳು

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ವಿಜಯಪುರದ ಗೋಲಗುಮ್ಮಟದ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಬಿಡಿಬಿಡಿಯಾಗಿ, ಎಣಿಸಲು ಬರುವಂತೆ, ಮತ್ತೆ ಮತ್ತೆ ಮರಳುತ್ತದೆ. ಅದು ಪ್ರತಿಧ್ವನಿ. ಸಾಧಾರಣ ಸಭಾಂಗಣದಲ್ಲಿ ಹಾಗಾಗುವುದಿಲ್ಲ. ಗೋಡೆ, ಚಾವಣಿ, ನೆಲದಿಂದ ಬರುವ ಸಾವಿರಾರು ಪ್ರತಿಫಲನಗಳು ಒಂದರ ಬೆನ್ನಿಗೊಂದು ದಟ್ಟವಾಗಿ ಬಂದು ಒಂದೇ ಎಳೆಯ ಗುಂಯ್‌ಗುಡುವಿಕೆಯಾಗಿ ಕರಗುತ್ತವೆ. ಇದು ಅನುರಣನ. ಸಂಗೀತಕ್ಕೆ ಇದು ಒಂದಷ್ಟು ಬೇಕು. ಇಲ್ಲದಿದ್ದರೆ ಸ್ವರ ಒಣಗಿದಂತೆ ಕೇಳುತ್ತದೆ. ಮಾತಿಗೆ ಇದು ಹೆಚ್ಚಾದರೆ ಕಷ್ಟ.

ಸೇಬೈನ್‌ಗಿಂತ ಮೊದಲು ಇದಕ್ಕೆ ಮದ್ದು ಎಂದರೆ ಊಹೆಯ ಮದ್ದು. ಚಾವಣಿಯ ಕೆಳಗೆ ಉದ್ದಕ್ಕೂ ತಂತಿ ಕಟ್ಟಿದರೆ ಸದ್ದು ಸರಿಹೋಗುತ್ತದೆ ಎಂದು ನಂಬಿ ಎಷ್ಟೋ ಸಭಾಂಗಣಗಳಲ್ಲಿ ತಂತಿ ಕಟ್ಟಿದ್ದರು. ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಸೇಬೈನ್ ಊಹಿಸುವುದನ್ನು ಬಿಟ್ಟು ಅಳೆಯಲು ಕೂತರು. ಆಗ ಮೈಕ್ರೊಫೋನ್ ಇದ್ದರೂ ಇಂಥ ಅಳತೆಗೆ ಒಗ್ಗುವಂಥದ್ದಿರಲಿಲ್ಲ. ಅವರ ಸಾಮಗ್ರಿ ಇಷ್ಟೆ: ಗಾಳಿ ತುಂಬಿದ ತೊಟ್ಟಿಯಿಂದ ನುಡಿಯುವ, ಸೆಕೆಂಡಿಗೆ 512 ಕಂಪನಗಳ ಒಂದು ಆರ್ಗನ್ ಕೊಳವೆ, ಕಾಲ ದಾಖಲಿಸುವ ಒಂದು ಯಂತ್ರ, ಮತ್ತು ಅವರದೇ ಕಿವಿ. ಕೊಳವೆ ನುಡಿಸಿ ಕೋಣೆ ತುಂಬಿದ ಮೇಲೆ ಗಾಳಿ ನಿಲ್ಲಿಸುವುದು, ಸದ್ದು ಕೇಳದಂತಾದ ಕ್ಷಣವನ್ನು ಗುರುತಿಸುವುದು. ಹಗಲಿನ ಬೀದಿ ಗದ್ದಲದಲ್ಲಿ ಇದು ಸಾಧ್ಯವಿಲ್ಲ. ಹಾಗಾಗಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಕೆಲಸ.

ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನ ಸದ್ದು ಚೆನ್ನಾಗಿದೆ ಎಂದು ಹೆಸರಿತ್ತು. ಸೇಬೈನ್ ಮತ್ತು ಸಹಾಯಕರು ರಾತ್ರಿ ಅಲ್ಲಿನ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಫಾಗ್ ಮಂದಿರದಲ್ಲಿ ಹಾಸುತ್ತಿದ್ದರು. ಬೆಳಗಾಗುವುದರೊಳಗೆ ಹಿಂದಕ್ಕೆ ಒಯ್ದು ಇಡುತ್ತಿದ್ದರು. ಮೊದಲು ಕೆಲವು ಮೀಟರು ಮೆತ್ತೆ, ಆಮೇಲೆ ಇನ್ನಷ್ಟು. ಪ್ರತಿ ಸಲವೂ ಅಳತೆ. ಕೊನೆಗೆ ಆಸನ, ಓಡಾಡುವ ದಾರಿ, ವೇದಿಕೆ, ಹಿಂಗೋಡೆ ಎಲ್ಲವನ್ನೂ ಮೆತ್ತೆಯಿಂದ ಮುಚ್ಚಿದಾಗ ಐದೂವರೆ ಸೆಕೆಂಡಿನ ಅನುರಣನ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಎಂಬಲ್ಲಿಗೆ ಇಳಿಯಿತು.

ಇವರ ಶಿಸ್ತು ಎಂಥದ್ದು ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಒಮ್ಮೆ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ. ಹುಡುಕಿದಾಗ ಕಾರಣ ಸಿಕ್ಕಿದ್ದು ಅಳೆಯುವವರ ಬಟ್ಟೆಯಲ್ಲಿ. ದಪ್ಪ ಕೋಟು ಹಾಕಿದ ದಿನ ಕೋಣೆ ಒಂದಿಷ್ಟು ಹೆಚ್ಚು ಸದ್ದು ಹೀರುತ್ತಿತ್ತು, ತೆಳು ಬಟ್ಟೆಯ ದಿನ ಕಡಿಮೆ. ಸೇಬೈನ್ ಸಾವಿರಾರು ಅಳತೆಗಳನ್ನು ಕಸಕ್ಕೆ ಹಾಕಿ, ಮುಂದೆ ಪ್ರತಿ ಸಲವೂ ಒಂದೇ ಉಡುಪಿನಲ್ಲಿ ಅಳೆಯಲು ತೊಡಗಿದರು.

ಮೆತ್ತೆ ಊರಿಂದ ಊರಿಗೆ ಬದಲಾಗುತ್ತದೆ, ಅದನ್ನು ಮಾನವಾಗಿ ಇಟ್ಟುಕೊಳ್ಳಲಾಗದು. ಎಲ್ಲೆಡೆ ಒಂದೇ ಆಗಿರುವ ಮಾನಕ್ಕಾಗಿ ಅವರು ಹಿಡಿದದ್ದು ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ಸದ್ದು ಮರಳಿ ಬಾರದು, ಎಂದರೆ ಪೂರ್ತಿ ಹೀರಿದ ಲೆಕ್ಕ. ಇಷ್ಟು ಚದರ ಮೀಟರು ಗೋಡೆ ಎಷ್ಟು ಚದರ ಮೀಟರು ತೆರೆದ ಕಿಟಕಿಗೆ ಸಮ ಎಂದು ಕೇಳಿದರಾಯಿತು. ಮುಂದೆ ಈ ಬಗೆಯ ಮಾನಕ್ಕೆ ಅವರ ಹೆಸರಿನಿಂದಲೇ ಸೇಬಿನ್ ಎಂಬ ಹೆಸರು ಬಂತು.

ಒಂದು ಸೂತ್ರ, ಒಂದು ಭವನ

1898ರ ಹೊತ್ತಿಗೆ ಬಾಸ್ಟನ್‌ನಲ್ಲಿ ಹೊಸ ಸಂಗೀತ ಭವನ ಕಟ್ಟುವ ಮಾತು ನಡೆದಿತ್ತು. ಎಲಿಯಟ್ ಸೇಬೈನ್ ಅವರನ್ನು ಒತ್ತಾಯಿಸಿದರು. ಇನ್ನೂ ಅಳತೆ ಮುಗಿದಿಲ್ಲ ಎಂದು ಹಿಂಜರಿಯುತ್ತಿದ್ದ ಸೇಬೈನ್‌ಗೆ ಅಕ್ಟೋಬರ್ 29ರ ರಾತ್ರಿ ತಮ್ಮ ಅಂಕಿಗಳ ಹಿಂದಿನ ನಿಯಮ ಹೊಳೆಯಿತು. ಇಂದಿನ ರೂಪದಲ್ಲಿ ಹೇಳುವುದಾದರೆ, ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯನ್ನು ತೆರೆದ ಕಿಟಕಿಯ ಚದರ ಮೀಟರಿನಲ್ಲಿ ಎಣಿಸಿ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಸದ್ದಿನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಎಂದರೆ 60 ಡೆಸಿಬೆಲ್, ಇಳಿಯಲು ಹಿಡಿಯುವ ಕಾಲ ಅದು.

ಇದನ್ನು ನಮ್ಮ ಭವನಕ್ಕೆ ಹಚ್ಚಿ ನೋಡೋಣ. 20 ಮೀಟರು ಉದ್ದ, 12 ಮೀಟರು ಅಗಲ, 5 ಮೀಟರು ಎತ್ತರದ ಹಾಲ್ ಎನ್ನಿ. ಗಾತ್ರ 1200 ಘನ ಮೀಟರು, ಒಳಮೈ 800 ಚದರ ಮೀಟರು. ಗಿಲಾವು, ಟೈಲ್ಸು, ಗಾಜು ಎಲ್ಲ ಸೇರಿ ಸರಾಸರಿ ನೂರಕ್ಕೆ ಐದು ಪಾಲು ಸದ್ದು ಹೀರುತ್ತವೆ ಎಂದಿಟ್ಟುಕೊಂಡರೆ ಹೀರುವಿಕೆ 40 ಚದರ ಮೀಟರು. ಅನುರಣನ ಸುಮಾರು 4.8 ಸೆಕೆಂಡು. ಈಗ 200 ಜನ ಬಂದು ಕೂರಲಿ. ಕೂತ ಒಬ್ಬರು ಸುಮಾರು 0.45 ಚದರ ಮೀಟರು ತೆರೆದ ಕಿಟಕಿಗೆ ಸಮ ಎನ್ನಿ. ಇನ್ನೂ 90 ಸೇರಿ ಒಟ್ಟು 130 ಆಯಿತು. ಅನುರಣನ ಒಂದೂವರೆ ಸೆಕೆಂಡಿಗೆ ಇಳಿಯಿತು. ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಮಾಡಿದ ಮೈಕ್ ಟೆಸ್ಟ್ ಸಂಜೆಗೆ ಏಕೆ ಹೊಂದುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಜನರೇ ಆ ಹಾಲ್‌ನ ದೊಡ್ಡ ಮೆತ್ತೆ.

ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ಲೆಕ್ಕ ಹಾಕಿ ಕಟ್ಟಿದ ಮೊದಲ ಸಂಗೀತ ಭವನ ಅದು. ಸೇಬೈನ್ ಜರ್ಮನಿಯ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಭವನವನ್ನು ಮಾದರಿಯಾಗಿಟ್ಟುಕೊಂಡು ಅನುರಣನ ಕಾಲ ಎರಡಕ್ಕೂ ಹೊಂದುವಂತೆ ಲೆಕ್ಕ ಮಾಡಿದ್ದರು. ಮೊದಮೊದಲು ವಿಮರ್ಶಕರೆಲ್ಲರೂ ಒಪ್ಪಲಿಲ್ಲ. ಕಾಲ ಕಳೆದಂತೆ ಅದು ಜಗತ್ತಿನ ಅತ್ಯುತ್ತಮ ಭವನಗಳ ಸಾಲಿಗೆ ಸೇರಿತು. 1919ರಲ್ಲಿ, ಐವತ್ತು ದಾಟಿದ ಕೆಲವೇ ತಿಂಗಳಲ್ಲಿ ಸೇಬೈನ್ ತೀರಿಕೊಂಡರು.

ಗೋಡೆಯಿಲ್ಲದ ಕೋಣೆ

ಸೇಬೈನ್ ಅವರ ಅಳತೆಗೋಲು ಕಿವಿ. ಮುಂದಿನ ಪೀಳಿಗೆ ಕಿವಿಯನ್ನು ಬದಿಗಿಟ್ಟಿತು. 1917ರಲ್ಲಿ ಇ. ಸಿ. ವೆಂಟೆ ಕಂಡೆನ್ಸರ್ ಮೈಕ್ರೊಫೋನನ್ನು ರೂಪಿಸಿದರು. ಸದ್ದಿನ ಮಟ್ಟವನ್ನು ವಿದ್ಯುತ್ತಿನ ಮೂಲಕ ನಂಬಿಕೆಯಿಂದ ಅಳೆಯಲು ದಾರಿಯಾಯಿತು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಸುರುಳಿಯೊಂದು ಕಾಂತದ ನಡುವೆ ಅಲುಗಿ ಕಾಗದದ ಶಂಕುವನ್ನು ತಳ್ಳುವ ಸ್ಪೀಕರಿನ ಬಗ್ಗೆ ಬರೆದರು. ಇಂದು ಮನೆಯಲ್ಲಿ, ಪೆಂಡಾಲಿನಲ್ಲಿ ಇರುವ ಬಹುಪಾಲು ಸ್ಪೀಕರುಗಳು ಅದೇ ವಂಶದವು.

ಈಗ ಹೊಸ ಗೊಂದಲ ಎದುರಾಯಿತು. ಸ್ಪೀಕರನ್ನು ಕೋಣೆಯಲ್ಲಿಟ್ಟು ಅಳೆದರೆ ಸಿಗುವುದು ಸ್ಪೀಕರಿನ ಗುಣವೋ ಕೋಣೆಯ ಗುಣವೋ? ಮಂದ್ರ ಸ್ವರಗಳಲ್ಲಂತೂ ಕೋಣೆಯದೇ ಆಳ್ವಿಕೆ. 4 ಮೀಟರು ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಜ್‌ನ ಅಲೆ ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಹಿಡಿಸುತ್ತದೆ. ಗೋಡೆಯ ಬಳಿ ಆ ಸ್ವರ ಗುಡುಗುತ್ತದೆ, ಕೋಣೆಯ ನಡುಮಧ್ಯದಲ್ಲಿ ಬಹುಪಾಲು ಮಾಯವಾಗುತ್ತದೆ. ಒಂದೇ ಸ್ಪೀಕರು, ಒಂದೇ ಹಾಡು; ಕುರ್ಚಿ ಎರಡು ಮೀಟರು ಸರಿದರೆ ಬೇರೆ ಸದ್ದು.

ಹೀಗಾಗಿ ಎಂಜಿನಿಯರುಗಳು ಸ್ಪೀಕರನ್ನು ಬಯಲಿಗೆ ಒಯ್ದು ಅಳೆದರು. ಬಯಲಿನಲ್ಲಿ ಗಾಳಿ, ಮಳೆ, ಹಕ್ಕಿ. ಕೊನೆಗೆ ಬಯಲನ್ನೇ ಒಳಗೆ ತರುವ ಉಪಾಯ ಬಂತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಹಾರ್ವರ್ಡ್‌ನಲ್ಲಿ ಲಿಯೊ ಬೆರಾನೆಕ್ ಒಂದು ದೊಡ್ಡ ಕೋಣೆಯ ಆರೂ ಮೈಗಳಿಗೆ ಗಾಜುನಾರಿನ ಸುಮಾರು ಇಪ್ಪತ್ತು ಸಾವಿರ ಬೆಣೆಗಳನ್ನು ತುಂಬಿದರು. ಆ ಕೋಣೆಯಲ್ಲಿ ಹೊರಟ ಸದ್ದು ಮರಳುತ್ತಿರಲಿಲ್ಲ. ಸ್ಪೀಕರು ತಾನಾಗಿ ಏನು ನುಡಿಯುತ್ತದೆ ಎಂಬುದು ಅಲ್ಲಿ ಮಾತ್ರ ಬಿಡಿಯಾಗಿ ಕಂಡಿತು. ಆದರೆ ಯಾರೂ ಅಂಥ ಕೋಣೆಯಲ್ಲಿ ಕೂತು ಹಾಡು ಕೇಳುವುದಿಲ್ಲ. 1950ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋಗಿದ್ದ ಸಂಗೀತಗಾರ ಜಾನ್ ಕೇಜ್‌ಗೆ ಕೇಳಿದ್ದು ತಮ್ಮದೇ ದೇಹದ ಸದ್ದು.

ನ್ಯೂಯಾರ್ಕಿನ ಸೋಲು

ಇದೇ ಬೆರಾನೆಕ್ ಮುಂದೆ ಜಗತ್ತಿನ 54 ಭವನಗಳನ್ನು ಅಭ್ಯಾಸ ಮಾಡಿದರು. ಅಳತೆಗಳ ಜೊತೆಗೆ ಸಂಗೀತಗಾರರನ್ನೂ ವಿಮರ್ಶಕರನ್ನೂ ಮಾತಾಡಿಸಿ, ಒಳ್ಳೆಯ ಭವನಕ್ಕೆ ಅನುರಣನ ಕಾಲವೊಂದೇ ಸಾಲದು ಎಂದು ಕಂಡುಕೊಂಡರು. ನೇರ ಸದ್ದಿನ ಬೆನ್ನಿಗೆ ಮೊದಲ ಪ್ರತಿಫಲನ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ ಅವರು ಹೆಚ್ಚಿನ ಬೆಲೆ ಕೊಟ್ಟರು. ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಕಟ್ಟುತ್ತಿದ್ದ ಫಿಲ್ಹಾರ್ಮೋನಿಕ್ ಹಾಲ್‌ಗೆ ಅವರೇ ಸಲಹೆಗಾರರು. ಆದರೆ ಕಟ್ಟುವ ದಾರಿಯಲ್ಲಿ ಆಸನಗಳ ಸಂಖ್ಯೆ ಏರಿತು, ಆಕಾರ ಬದಲಾಯಿತು.

1962ರ ಸೆಪ್ಟೆಂಬರ್ 23ರಂದು ಲಿಯೊನಾರ್ಡ್ ಬರ್ನ್‌ಸ್ಟೀನ್ ನಿರ್ದೇಶನದ ಕಛೇರಿಯೊಂದಿಗೆ ಹಾಲ್ ತೆರೆಯಿತು. ದೂರು ಬರಲು ತಡವಾಗಲಿಲ್ಲ. ಮಂದ್ರ ಸ್ವರಗಳು ಕೇಳುವುದಿಲ್ಲ, ಹಿಂದಿನಿಂದ ಪ್ರತಿಧ್ವನಿ, ವೇದಿಕೆಯ ಮೇಲೆ ವಾದಕರಿಗೆ ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಅನುರಣನ ಕಾಲದ ಅಂಕಿ ಇವು ಯಾವುದನ್ನೂ ಹೇಳುತ್ತಿರಲಿಲ್ಲ.

ಕಾರಣ ಹುಡುಕಲು ಬಂದವರಲ್ಲಿ ಬೆಲ್ ಪ್ರಯೋಗಾಲಯದ ನಾಲ್ವರ ತಂಡವಿತ್ತು: ಮ್ಯಾನ್‌ಫ್ರೆಡ್ ಶ್ರೋಡರ್, ಬಿಷ್ಣು ಅಟಲ್, ಗೆರ್ಹಾರ್ಡ್ ಸೆಸ್ಲರ್, ಜೇಮ್ಸ್ ವೆಸ್ಟ್. ಇವರಲ್ಲಿ ಅಟಲ್ ಅವರಿಗೂ ಬೆಂಗಳೂರಿಗೂ ನಂಟಿದೆ. ಕಾನ್ಪುರದಲ್ಲಿ ಹುಟ್ಟಿದ ಅವರು ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1957ರಿಂದ 1960ರವರೆಗೆ ಅಲ್ಲೇ ಶಬ್ದವಿಜ್ಞಾನ ಕಲಿಸಿ, ಮರುವರ್ಷ ಬೆಲ್ ಪ್ರಯೋಗಾಲಯಕ್ಕೆ ಸೇರಿದ್ದರು. ಮುಂದೆ ಮಾತನ್ನು ಕಡಿಮೆ ಅಂಕಿಗಳಲ್ಲಿ ಕಳಿಸುವ ವಿಧಾನದಿಂದ ಅವರ ಹೆಸರು ಪ್ರಸಿದ್ಧವಾಯಿತು. ಮೊಬೈಲ್ ಫೋನಿನ ಮಾತು ಆ ಕೆಲಸಕ್ಕೆ ಋಣಿ.

ತಂಡ ಕಂಪ್ಯೂಟರ್ ನೆರವಿನಿಂದ ಹಾಲ್‌ನ ಆಸನ ಆಸನಗಳ ನಡುವಿನ ವ್ಯತ್ಯಾಸ ಅಳೆಯಿತು. ತಲೆಯ ಮೇಲೆ ತೂಗುಹಾಕಿದ ಹಲಗೆಗಳು ತಾರ ಸ್ವರಗಳನ್ನು ಕೆಳಗೆ ಕಳಿಸುತ್ತಿದ್ದವು. ಉದ್ದನೆಯ ಅಲೆಗಳ ಮಂದ್ರ ಸ್ವರಗಳಿಗೆ ಅವು ತೀರಾ ಚಿಕ್ಕವು. ಇನ್ನೊಂದು ಸಂಗತಿ ಅದುವರೆಗೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಸಾಲು ಸಾಲು ಕುರ್ಚಿಗಳ ಬೆನ್ನನ್ನು ಸವರಿಕೊಂಡು ಹೋಗುವ ಸದ್ದಿನಲ್ಲಿ 100–200 ಹರ್ಟ್ಜ್ ಆಸುಪಾಸಿನ ಭಾಗ ಕುಗ್ಗುತ್ತದೆ. ಸೆಸ್ಲರ್ ಮತ್ತು ವೆಸ್ಟ್ 1964ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಬೇರೆ ಇಬ್ಬರು ಸಂಶೋಧಕರೂ ಸ್ವತಂತ್ರವಾಗಿ ಅದನ್ನೇ ಕಂಡರು. ಸೆಸ್ಲರ್, ವೆಸ್ಟ್ ಜೋಡಿಯೇ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕ್ರೊಫೋನು ಹಲವು ದಶಕ ಟೆಲಿಫೋನು, ಟೇಪ್ ರೆಕಾರ್ಡರುಗಳಲ್ಲಿ ಕೆಲಸ ಮಾಡಿತು.

ಅಟಲ್, ಶ್ರೋಡರ್, ಸೆಸ್ಲರ್ ಸೇರಿ 1965ರಲ್ಲಿ ಮಂಡಿಸಿದ ವಿಚಾರ ಇನ್ನೂ ಆಳದ್ದು. ಸೇಬೈನ್ ಕಾಲದಿಂದ ಅಳೆಯುತ್ತಿದ್ದದ್ದು ಸದ್ದು ಪೂರ್ತಿ ಅಡಗುವ ಕಾಲ. ಆದರೆ ಸಂಗೀತ ನಡೆಯುತ್ತಿರುವಾಗ ಒಂದು ಸ್ವರದ ಬಾಲ ಅಡಗುವವರೆಗೆ ಯಾರು ಕಾಯುತ್ತಾರೆ? ಅಷ್ಟರಲ್ಲಿ ಮುಂದಿನ ಸ್ವರ ಬಂದು ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಕೇಳುಗರಿಗೆ ತಟ್ಟುವ ಅನುರಣನ ಇಳಿತದ ಮೊದಲ ಭಾಗದ್ದು, ಎಂದರೆ ಮೊದಲ 160 ಮಿಲಿಸೆಕೆಂಡುಗಳದ್ದು. ಮೊದಲ ಇಳಿತವನ್ನೇ ಬೇರೆಯಾಗಿ ಅಳೆಯುವ ಪದ್ಧತಿ ಈಗ ಜಗತ್ತಿನೆಲ್ಲೆಡೆ ಇದೆ.

ಹಾಲ್‌ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಲವು ರಿಪೇರಿಗಳ ನಡುವೆ 1973ರಲ್ಲಿ ಏವರಿ ಫಿಶರ್ ಎಂಬ ಉದ್ಯಮಿ ಒಂದು ಕೋಟಿ ಡಾಲರಿಗೂ ಹೆಚ್ಚು ಕೊಟ್ಟರು, ಭವನಕ್ಕೆ ಅವರ ಹೆಸರಿಟ್ಟರು. ಅವರ ಉದ್ಯಮ ಮನೆಯಲ್ಲಿ ಸಂಗೀತ ಕೇಳುವ ಹೈ-ಫೈ ಉಪಕರಣಗಳದು! 1976ರಲ್ಲಿ ಒಳಭಾಗವನ್ನು ಪೂರ್ತಿ ಕಿತ್ತು ಕಟ್ಟಿದರು. 2022ರಲ್ಲಿ, ಆ ಹೊತ್ತಿಗೆ ಡೇವಿಡ್ ಗೆಫೆನ್ ಹಾಲ್ ಎನಿಸಿದ್ದ ಅದನ್ನು, ಮತ್ತೊಮ್ಮೆ ಕಟ್ಟಿ ತೆರೆದರು. ಈ ಸಲ ಸುಮಾರು 2,700 ಆಸನಗಳನ್ನು 2,200ಕ್ಕೆ ಇಳಿಸಿದ್ದರು.

ಪರದೆಯ ಹಿಂದಿನ ಸ್ಪೀಕರು

ಕಿವಿಯ ಕಡೆಗೆ ಮರಳುವ ಈ ನಡೆ ಸ್ಪೀಕರಿನ ಅಳತೆಯಲ್ಲೂ ಕಂಡಿತು. 1970ರ ದಶಕದಲ್ಲಿ ಶ್ರೋಡರ್ ಜರ್ಮನಿಯ ಗಟಿಂಗೆನ್‌ನಲ್ಲಿ ಒಂದು ಚಮತ್ಕಾರ ಮಾಡಿದರು. ಭವನಗಳ ನೆನಪು ಹೋಲಿಕೆಗೆ ನಿಲ್ಲದು. ಒಂದನ್ನು ಕೇಳಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಅದಕ್ಕೆ ಒಂದೇ ಸಂಗೀತವನ್ನು ಹಲವು ಭವನಗಳಲ್ಲಿ ನುಡಿಸಿ, ಬೊಂಬೆಯ ತಲೆಯ ಎರಡು ಕಿವಿಗಳಲ್ಲಿ ಮೈಕ್ ಇಟ್ಟು ಹಿಡಿದರು. ಅದನ್ನು ಅನುರಣನವಿಲ್ಲದ ಕೋಣೆಯಲ್ಲಿ ಎರಡು ಸ್ಪೀಕರುಗಳಿಂದ ಕೇಳಿಸಿ, ಭವನದಿಂದ ಭವನಕ್ಕೆ ಕ್ಷಣದಲ್ಲಿ ದಾಟಿಸಿದರು. ಕೇಳುಗರು ಮೆಚ್ಚಿದ ಭವನಗಳಲ್ಲಿ ಎಡ ಬಲ ಕಿವಿಗಳಿಗೆ ತಲುಪುವ ಸದ್ದು ಒಂದರಂತೆ ಇನ್ನೊಂದು ಇರಲಿಲ್ಲ. ಪಕ್ಕದ ಗೋಡೆಗಳಿಂದ ಬರುವ ಪ್ರತಿಫಲನದ ಬೆಲೆ ಹೀಗೆ ತಿಳಿಯಿತು.

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಕೇಳಿಸಿದರು. ಕಂಪನಿ, ಬೆಲೆ, ಗಾತ್ರ ಯಾವುದೂ ತಿಳಿಯದಿದ್ದಾಗ ಕೇಳುಗರ ಆಯ್ಕೆ ಆಶ್ಚರ್ಯವಾಗುವಷ್ಟು ಒಂದೇ ದಿಕ್ಕಿನಲ್ಲಿತ್ತು. ಅವರು ಒಪ್ಪಿದ ಸ್ಪೀಕರುಗಳು ಎದುರಿಗೆ ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಯುತ್ತಿದ್ದವು. ಪಕ್ಕಕ್ಕೆ ಚೆಲ್ಲುವ ಸದ್ದೂ ಏರುಪೇರಿಲ್ಲದೆ ಇರುತ್ತಿತ್ತು. ಪಕ್ಕದ ಸದ್ದು ಗೋಡೆಗೆ ಬಡಿದು ಕೊನೆಗೆ ನಮ್ಮ ಕಿವಿಗೇ ಬರುತ್ತದಲ್ಲ! 1985–86ರಲ್ಲಿ ಪ್ರಕಟವಾದ ಈ ಕೆಲಸದಿಂದ ಹೊರಟ ದಾರಿ ಸ್ಪೀಕರಿನ ಸುತ್ತ ಹತ್ತು ಹತ್ತು ಡಿಗ್ರಿಗೆ ಒಂದರಂತೆ, ಅಡ್ಡಕ್ಕೂ ಉದ್ದಕ್ಕೂ, 70 ಅಳತೆ ತೆಗೆಯುವ ಇಂದಿನ ಪದ್ಧತಿಗೆ ಬಂದು ಮುಟ್ಟಿತು. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಅದೇ ಸ್ಪೀಕರುಗಳನ್ನು ಪರದೆ ತೆಗೆದು ಮತ್ತೆ ಕೇಳಿಸಿದಾಗ ಅಂಕಗಳು ಬದಲಾದವು. ಕಣ್ಣು ಕಿವಿಯ ಪರವಾಗಿ ತೀರ್ಪು ಕೊಡುತ್ತಿತ್ತು.

ಇಂದು ಲ್ಯಾಪ್‌ಟಾಪು, ಸಾಧಾರಣ ಅಳತೆ ಮೈಕು ಇದ್ದರೆ ಯಾರು ಬೇಕಾದರೂ ಕೋಣೆಯನ್ನು ಅಳೆಯಬಹುದು. ಸ್ಪೀಕರಿನಿಂದ ಕೆಲವು ಸೆಕೆಂಡು ಮಂದ್ರದಿಂದ ತಾರಕ್ಕೆ ಜಾರುವ ಒಂದು ಸ್ವರ. ಅಷ್ಟರಿಂದಲೇ ಕೋಣೆಯ ಪೂರ್ತಿ ಚಿತ್ರ. ಆದರೆ ಸೇಬೈನ್‌ರಿಂದ ಟೂಲ್‌ವರೆಗಿನ ನೂರು ವರ್ಷ ಹೇಳುವುದು ಒಂದನ್ನೇ: ಕೋಣೆಯ ತೊಂದರೆಗೆ ಸ್ಪೀಕರು ಉತ್ತರವಲ್ಲ, ಮತ್ತು ಅಂಕಿ ಹಿಡಿಯಬೇಕಾದ್ದು ಕೇಳುಗರ ಕಿವಿಗೆ ತಟ್ಟುವುದನ್ನು. ಅನುರಣನ ಹೆಚ್ಚಿರುವ ಹಾಲ್‌ನಲ್ಲಿ ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಗುಂಯ್‌ಗುಡುವಿಕೆಯೂ ಅಷ್ಟೇ ಏರುತ್ತದೆ. ಎರಡರ ಪ್ರಮಾಣ ಬದಲಾಗುವುದಿಲ್ಲ. ವೇದಿಕೆಯ ಪಕ್ಕದ ಎರಡು ದೊಡ್ಡ ಪೆಟ್ಟಿಗೆಗಳ ಬದಲು ಕೇಳುಗರ ಹತ್ತಿರಕ್ಕೆ, ಅವರತ್ತ ಮುಖ ಮಾಡಿದ ಚಿಕ್ಕ ಸ್ಪೀಕರುಗಳನ್ನು ತಗ್ಗಿದ ಸದ್ದಿನಲ್ಲಿಟ್ಟರೆ ಪ್ರಮಾಣ ಬದಲಾಗುತ್ತದೆ. ಗೋಡೆಗೆ ದಪ್ಪ ಪರದೆ ಇಳಿಬಿಟ್ಟರೂ ಬದಲಾಗುತ್ತದೆ.

ಮುಂದಿನ ಸಲ ಸಂಘದ ಕಾರ್ಯಕ್ರಮಕ್ಕೆ ಹಾಲ್ ನೋಡಲು ಹೋದಾಗ ಪಾರ್ಕಿಂಗು, ಅಡುಗೆಮನೆ ವಿಚಾರಿಸಿದ ಮೇಲೆ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಸದ್ದು ಅಡಗುವವರೆಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಚಪ್ಪಾಳೆ ಆರ್ಗನ್ ಕೊಳವೆಯಷ್ಟು ಗಟ್ಟಿಯಲ್ಲ, ಅಂಕಿ ಅಂದಾಜಿನದು. ಆದರೂ ಎರಡು ಹಾಲ್‌ಗಳನ್ನು ಹೋಲಿಸಲು ಅಷ್ಟು ಸಾಕು. ಖಾಲಿ ಹಾಲ್‌ನಲ್ಲಿ ಅದು ಮೂರು ಸೆಕೆಂಡು ದಾಟಿದರೆ, ಎಷ್ಟು ಜನ ಬರುತ್ತಾರೆ ಎಂದು ಅಂದಾಜು ಹಾಕಿ. ಅರ್ಧ ಹಾಲ್ ಖಾಲಿ ಉಳಿಯುವ ಹಾಗಿದ್ದರೆ ಬೇರೆ ಹಾಲ್ ನೋಡುವುದು ಮೇಲು.